ಉಡಿ ಮರಳಿ ಕೇಳಿದವಳು

ಸಹನಾ, ಬಸು, ಮೊನ್ನೆ ನಮ್ಮ ಓಣಿಯ ಅಕ್ಕ ತೀರಿಕೊಂಡು ಅವಳ ಮಣ್ಣಿಗೆ ಹೋದಾಗ ನೀವಿಬ್ಬರೂ ನನ್ನ ಹಿಂದೆಯೇ ನಿಂತಿದ್ದಿರಿ. ಅವಳನ್ನು ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕಾಲು ಮಡಚಿ ಕೂಡ್ರಿಸಿದ್ದರು. ನಾನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಹೋಗಿದ್ದ ಜೋಳವನ್ನು ಅವಳ ಮಡಿಲಿಗೆ ಹಾಕಿದೆ. ಸುತ್ತ ಇದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಸತ್ತವಳಿಗೆ ಗಂಡ ಸತ್ತವಳೇ ಉಡಿ ತುಂಬುವುದನ್ನು ಇವತ್ತೇ ನೋಡಿದೆ ಎಂದು ಒಬ್ಬಳು ನನಗೆ ಕೇಳುವ ಹಾಗೆಯೇ ಅಂದಳು. ಮನೆಗೆ ಬರುವ ದಾರಿಯಲ್ಲಿ ಬಸು ಕೇಳಿದ, "ಯಾಕ ಆಯಿ, ಜ್ವಾಳ ಯಾಕ ಹಾಕಿದಿ?" ನನಗೆ ಹೇಳಲು ಆಗಲಿಲ್ಲ.

ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಬಾರದ ಕೆಲಸ. ನಾಲ್ಕು ಜನ ಕೂತಲ್ಲಿ ಮಾತಾಡಬೇಕೆಂದರೆ ಎದ್ದು ಅಡಿಗೆಮನೆಗೆ ಹೋಗುತ್ತೇನೆ. ಜೇವರ್ಗಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನ ಹೆಸರು ಬರೆಯುವುದಿಲ್ಲ. ಸಾಹೇಬರ ಹೆಸರೂ ಪಕ್ಷಗಳ ಹೆಸರೂ ಬೇಡ. ಸಾಹೇಬರು ಇನ್ನೂ ಇದ್ದಾರೆ. ನೀವು ಇದೇ ಆಳಂದ ತಾಲೂಕಿನಲ್ಲಿ ಬಾಳಬೇಕಾದವರು.

ಅಕ್ಕ ಅಫಜಲಪುರ ಕಡೆಯವಳು, ಭೀಮಾ ದಂಡೆಯ ಊರಿನವಳು. ತುಂಬಿದ ನೀರು ನೋಡುತ್ತ ಬೆಳೆದವಳು. ನಮ್ಮೂರ ಬೋರಿನ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದೆಂದರೆ ಅವಳಿಗೆ ಯಾರೋ ಬೈದಷ್ಟು ನೋವಾಗುತ್ತಿತ್ತಂತೆ. ಎತ್ತರದ ಮೈಕಟ್ಟು. ಸೆರಗನ್ನು ಯಾವಾಗಲೂ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿರುತ್ತಿದ್ದಳು. ಚಹಾ ಕುಡಿಯುವಾಗ ಬಸಿಗೆ ಸುರಿದುಕೊಂಡು, ಊದದೆ, ಆರುವವರೆಗೆ ಕಾಯುತ್ತಿದ್ದಳು. ಊದಿ ಕುಡಿಯುವವರನ್ನು ಕಂಡರೆ, ಎಲ್ಲಿಗೆ ಓಡಬೇಕಾಗಿದೆ ನಿನಗೆ ಎಂದು ಕೇಳುತ್ತಿದ್ದಳು.

ಅವಳ ಕೆಮ್ಮು ಊರಿಗೇ ಗೊತ್ತಿತ್ತು. ಗಂಡಸರು ಮನೆಯೊಳಗೆ ಬರುವಾಗ ಹೊಸ್ತಿಲ ಹೊರಗೆ ಒಮ್ಮೆ ಕೆಮ್ಮುತ್ತಾರಲ್ಲ, ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂದು. ಅಕ್ಕ ಹಾಗೆಯೇ ಊರ ಅಗಸಿ ಬಾಗಿಲ ಕಟ್ಟೆಯ ಹತ್ತಿರ ಬಂದಾಗ ಕೆಮ್ಮುತ್ತಿದ್ದಳು. ಕಾಲು ಚಾಚಿ ಕೂತ ಗಂಡಸರು ಕಾಲು ಮಡಚುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ನಾನು ಬಾಗಿಲ ಸಂದಿಯಿಂದ ಅದನ್ನು ನೋಡಿ, ಇವಳು ಹೆಂಗಸೋ ಗೌಡನೋ ಎಂದುಕೊಂಡಿದ್ದೆ.

ಮೊದಲ ಸಲ ನಾನು ಓಟು ಹಾಕಲು ಹೋದಾಗ ನಿಮ್ಮ ಮುತ್ಯಾ ಯಾವ ಗುರುತಿಗೆ ಹಾಕಬೇಕೆಂದು ಮನೆಯಲ್ಲೇ ಹೇಳಿ ಕಳಿಸಿದ್ದರು. ಶಾಲೆಯ ಮುಂದೆ ಸಾಲಿನಲ್ಲಿ ನಾನು ಆ ಗುರುತನ್ನು ಬಾಯಲ್ಲೇ ಗುಣುಗುವುದನ್ನು ಕಂಡು ಅಕ್ಕ ಹತ್ತಿರ ಬಂದಳು. "ಆ ಮರೀ ಹಿಂದ ನೀ ಒಬ್ಬಾಕಿನ ಇರ್ತಿ, ತಂಗಿ. ಅಲ್ಲಿ ನಿನ್ನ ಗಂಡನೂ ಇಲ್ಲ, ನಾನೂ ಇಲ್ಲ. ಜರಾ ನಿಂತು ಉಸುರು ತಗೊ. ಆಮ್ಯಾಲ ಒತ್ತು." ಅವಳು ಯಾವ ಪಕ್ಷಕ್ಕೆ ದುಡಿಯುತ್ತಿದ್ದಳೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಅದಕ್ಕೆ ಹಾಕು ಎಂದು ಅವತ್ತು ಹೇಳಲಿಲ್ಲ.

ನಮ್ಮ ಓಣಿಗೆ ಓಣಿಯೇ ಆ ಪಕ್ಷದ್ದಾಗಿತ್ತು. ಅತ್ತೆಯಿಂದ ಸೊಸೆಗೆ ಬೀಸುವ ಕಲ್ಲು ಬಂದ ಹಾಗೆ ಗುರುತೂ ಬರುತ್ತಿತ್ತು. ಅದು ಮರ್ಯಾದಸ್ಥರ ಪಕ್ಷ ಎಂದು ಹಿರಿಯರು ಹೇಳುತ್ತಿದ್ದರು. ಆ ಪಕ್ಷದಿಂದ ಆರಿಸಿ ಬರುತ್ತಿದ್ದ ಸಾಹೇಬರು ಭಾಷಣಕ್ಕೆ ಬಂದರೆ ರಸ್ತೆ, ನೀರಿನ ಮಾತಿಗಿಂತ ಸಂಸಾರದ ಮಾತು ಹೆಚ್ಚು ಆಡುತ್ತಿದ್ದರು. ಮನೆತನ, ಹಿರಿಯರ ಹೆಸರು, ಹೆಣ್ಣುಮಕ್ಕಳ ಮಾನ. "ನನ್ನ ತಾಯಂದಿರೇ" ಎಂದು ಶುರು ಮಾಡುವ ಆ ದನಿ ದಪ್ಪಗೆ, ಮೆತ್ತಗೆ ಇತ್ತು. ಮುದುಕಿಯರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಕ್ಕ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಲ್ಲ. ಭಾಷಣ ಮುಗಿದ ಮೇಲೆ ಅವರ ಕಾರಿನ ಬಾಗಿಲು ಹಿಡಿದು ನಿಂತು, ನಳ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಳು. ನಳ ಬಂತು. ಅಂಗನವಾಡಿಗೆ ಸೂರು ಬಂತು. ಅವಳು ಆ ಮನುಷ್ಯನನ್ನು ನಂಬಿದ್ದು ಸುಮ್ಮನೆ ಅಲ್ಲ.

ಚುನಾವಣೆಯಲ್ಲಿ ಉಡಿ ತುಂಬುವ ಪದ್ಧತಿಯನ್ನು ನಮ್ಮೂರಿಗೆ ತಂದವಳು ಅವಳೇ. ಅದಕ್ಕಿಂತ ಮೊದಲು ಪ್ರಚಾರವೆಂದರೆ ಗಂಡಸರಿಗೆ ಕುಡಿಸುವುದಿತ್ತು. ಅಕ್ಕ ಸಾಹೇಬರ ಮನೆಗೇ ಹೋಗಿ ಹೇಳಿದಳಂತೆ: "ಕುಡಿದಾಂವ ಮುಂಜಾನಿ ಮರೀತಾನರಿ. ಉಡಿ ತುಂಬಿಸಿಕೊಂಡಾಕಿ ಸಾಯೋತನಕ ಮರಿಯಂಗಿಲ್ಲ." ಆಮೇಲೆ ಪ್ರತಿ ಸಲ ಅವಳೇ ತಟ್ಟೆ ಹಿಡಿದು ಮನೆಮನೆಗೆ ಬರುತ್ತಿದ್ದಳು. ಮನೆಯ ಮುತ್ತೈದೆಯನ್ನು ಮಣೆಯ ಮೇಲೆ ಕೂಡ್ರಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಖಣ ಹಾಕುತ್ತಿದ್ದಳು. ತವರಿನವರು ಮಗಳಿಗೆ ಹೇಗೆ ತುಂಬುತ್ತಾರೋ ಹಾಗೆಯೇ, ಅವಸರವಿಲ್ಲದೆ. ಕೊನೆಗೆ ಒಂದೇ ಮಾತು: "ಇದು ಸಾಹೇಬ್ರ ಉಡಿ. ನೆನಪಿರಲಿ." ಉಡಿ ತುಂಬಿದವರಿಗೆ ಎರಡು ಬಗೆದರೆ ಅದು ಗಂಡನ ಮೇಲೆ, ಮಕ್ಕಳ ಮೇಲೆ ಬರುತ್ತದೆಂಬ ಹೆದರಿಕೆ ನಮ್ಮ ಕಡೆ ಎಲ್ಲ ಹೆಂಗಸರಿಗೂ ಇದೆ. ಓದಿದವರಿಗೂ ಇದೆ.

ಓಣಿಯ ಕೊನೆಯ ಮನೆಯ ಮಹಬೂಬಿಗೆ ಮಾತ್ರ ಉಡಿ ಇರಲಿಲ್ಲ. ನಿಮ್ಮ ಶಾಲೆಯ ಬಟ್ಟೆ ಹೊಲಿಯುತ್ತಿದ್ದಳಲ್ಲ, ಅವಳೇ. ಅವಳ ಮನೆಗೆ ಅಕ್ಕ ಸಕ್ಕರೆಯ ಪುಡಿಕೆ ಕೊಡುತ್ತಿದ್ದಳು. ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ ಮಹಬೂಬಿ ಕೇಳುತ್ತಿದ್ದಳು, "ಅವರಿಗೆಲ್ಲಾ ಖಣ, ಕೊಬ್ಬರಿ. ನನಗ ಖಾಲಿ ಸಕ್ಕರಿ. ನನ್ನ ಓಟು ಏನು ಅರ್ಧಾ ಅದ ಏನಕ್ಕಾ?"

"ನಿನ್ನ ಬಾಯಿಗೆ ಸಕ್ಕರಿನ ಬೇಕು ಬೇ, ಅದಕ್ಕ," ಎಂದು ಅಕ್ಕ ಪುಡಿಕೆಯನ್ನು ಯಂತ್ರದ ಮೇಲೆ ಇಟ್ಟು ಹೋಗುತ್ತಿದ್ದಳು.

ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ಬಂದ ಚುನಾವಣೆಯಲ್ಲಿ ಅವಳು ನಮ್ಮ ಮನೆ ದಾಟಿ ಹೋಗುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು, ಬರಿಗೈಯಲ್ಲಿ ಅಡಿಗೆಮನೆಯವರೆಗೆ ಬಂದು ನನ್ನ ಎದುರು ಕೂತಳು. "ನಿನಗ ಉಡಿ ತುಂಬೋದು ನನ್ನ ಕೈಯಾಗ ಇಲ್ಲ, ತಂಗಿ. ಹಂಗಂತ ನಿನ್ನ ಬಿಟ್ಟು ಹೋಗಾಕಿ ಅಲ್ಲ ನಾ. ಏನು ಬೇಕು ನಿನಗ, ಹೇಳು."

ಈ ಮನೆಗೆ ಬಂದಾಗಿನಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಸಿಯಲ್ಲಿ ಚಹಾ ಆರಿತು. ಅವಳು ಕುಡಿದಳು. ಆಮೇಲೆ ನಾನು ಮೆಲ್ಲಗೆ, ಮಗಳು ಶಾಲೆ ಬಿಟ್ಟು ಕೂತಿದ್ದಾಳೆ, ಆಳಂದಕ್ಕೆ ಬಸ್ಸು ಇದ್ದಿದ್ದರೆ ಓದುತ್ತಿದ್ದಳು ಎಂದೆ. ಮುಂದಿನ ಶಾಲೆ ಶುರುವಾಗುವ ಹೊತ್ತಿಗೆ ಬಸ್ಸು ಬಂತು. ನಿಮ್ಮ ಸೋದರತ್ತೆ ಹತ್ತನೆಯ ಇಯತ್ತೆ ಮುಗಿಸಿದ್ದು ಆ ಬಸ್ಸಿನಲ್ಲಿ ಓಡಾಡಿ. ಸಹನಾ, ನೀನು ಇವತ್ತು ಕಡಗಂಚಿಗೆ ಓದಲು ಹೋಗುವಾಗಲೂ ಮೊದಲು ಹತ್ತುವುದು ಅದೇ ಬಸ್ಸನ್ನು.

ಇನ್ನು ಮುಂದೆ ಬರೆಯುವುದು ಹಿಂದಿನ ಚುನಾವಣೆಯ ಸಂಗತಿ. ನೀವಾಗ ಅಪ್ಪನ ಜೊತೆ ಕಲಬುರಗಿಯಲ್ಲಿದ್ದಿರಿ.

ಚುನಾವಣೆ ಬೇಸಿಗೆಯಲ್ಲಿ ಇತ್ತು. ಆದರೆ ಸಾಹೇಬರು ಹಿಂದಿನ ಶ್ರಾವಣದಲ್ಲಿ, ಪಂಚಮಿಗೇ ಸೀರೆ ಕಳಿಸಿದ್ದರು. ಅಕ್ಕ ಎಲ್ಲ ಮನೆಗಳಲ್ಲಿ ಉಡಿ ತುಂಬಿ ಬಂದಿದ್ದಳು. ದೀಪಾವಳಿಯ ಹೊತ್ತಿಗೆ ಅವಳ ಗಂಡ ತೀರಿಕೊಂಡ. ಕುಂಕುಮ ಹೋಯಿತು, ತಟ್ಟೆ ಅಟ್ಟ ಸೇರಿತು. ಆದರೂ ಸಾಹೇಬರ ಹತ್ತಿರ ಜನರ ಕೆಲಸ ಒಯ್ಯುವುದನ್ನು ಅವಳು ಬಿಡಲಿಲ್ಲ. ಸಂಕ್ರಾಂತಿಯ ನಂತರ ಅವಳ ಎದುರು ಮನೆಯ ಹುಡುಗಿಗೆ ಸಾಹೇಬರ ಕಚೇರಿಯಲ್ಲಿ ಬರೆಯುವ ಕೆಲಸ ಇದೆಯೆಂದು ಹೇಳಿ, ತಾನೇ ಬಸ್ಸು ಹತ್ತಿಸಿ ಕಳಿಸಿದಳು. ಮುಂಜಾನೆ ಹೋದ ಹುಡುಗಿ ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದಳು. ನಾಳೆಯಿಂದ ಹೋಗುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು. ಅಕ್ಕನಿಗೆ ಬಹಳ ಸಿಟ್ಟು ಬಂತು. ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಕೂತು ಉಣ್ಣುವ ಮೈ ಎಂದು ಬೈದಳು.

ಶಿವರಾತ್ರಿ ಹಿಂದೆಮುಂದೆ ಜನರ ಫೋನುಗಳಿಗೆ ಸಾಹೇಬರ ಮಾತು ಬಂತು. ಯಾವುದೋ ಊರಿನ ಹೆಂಗಸೊಬ್ಬಳು ಕೆಲಸ ಕೇಳಿ ಫೋನು ಮಾಡಿದ್ದಳು. ಅವಳೇ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳಂತೆ. ಕೆಲಸಕ್ಕೆ ಬದಲಾಗಿ ಸಾಹೇಬರು ಏನು ಕೇಳಿದರೆಂಬುದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಅಗಸಿ ಕಟ್ಟೆಯ ಮೇಲೆ ಗಂಡಸರು ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿ ನಗುತ್ತಿದ್ದರು. ಅಕ್ಕ ಕೆಮ್ಮಿದಳು. ಅವತ್ತು ಅವರು ಕಾಲು ಮಡಚಿದರು, ಆದರೆ ನಗು ನಿಲ್ಲಲಿಲ್ಲ.

ಅವಳು ನೇರ ನಮ್ಮ ಮನೆಗೆ ಬಂದಳು. ಮಹಬೂಬಿ ನನ್ನ ಕುಪ್ಪಸದ ಅಳತೆ ತೆಗೆದುಕೊಳ್ಳುತ್ತ ಅಲ್ಲೇ ಇದ್ದಳು. ಅವಳ ಫೋನಿನಲ್ಲೂ ಅದು ಬಂದಿತ್ತು. ಹಚ್ಚು ಎಂದಳು ಅಕ್ಕ. ಬೇಡಕ್ಕಾ, ಕೇಳುವಂಥದ್ದಲ್ಲ ಎಂದು ಮಹಬೂಬಿ ಹೇಳಿದರೂ ಬಿಡಲಿಲ್ಲ. ಕೊನೆಯವರೆಗೆ ನಿಂತೇ ಕೇಳಿದಳು. ಸಾಹೇಬರು ಅದು ತಮ್ಮ ದನಿಯಲ್ಲ, ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ಪೇಪರಿನವರಿಗೆ ಹೇಳಿದ್ದಾರೆ ಎಂದು ಮಹಬೂಬಿ ಅಂದಳು. "ಅವರದ ಅದ," ಎಂದಳು ಅಕ್ಕ. "ತಾಯಂದಿರೇ ಅಂತಿದ್ದ ದನಿ ನನಗ ಗುರ್ತು ಸಿಗಂಗಿಲ್ಲೇನು?"

ಆಮೇಲೆ ತನ್ನ ಎದುರು ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಹುಡುಗಿ ಅಕ್ಕಿ ಆರಿಸುತ್ತ ಕೂತಿದ್ದಳು. ಅವತ್ತು ಏನಾಯಿತೆಂದು ಅಕ್ಕ ಕೇಳಿದಳು. ಹುಡುಗಿ ಮೊರದಿಂದ ಕಣ್ಣೆತ್ತದೆ ಹೇಳಿದಳು. ಸಾಹೇಬರು ಬಾಗಿಲು ಹಾಕಿದರಂತೆ, ಕೈ ಹಿಡಿದರಂತೆ. ಅವ್ವ ಹೊರಗೆ ಕಾಯುತ್ತಿದ್ದಾಳೆ ಎಂದು ಸುಳ್ಳು ಹೇಳಿ ಬಿಡಿಸಿಕೊಂಡು ಬಂದಳಂತೆ. ಅಷ್ಟೇ ಹೇಳಿ ಮತ್ತೆ ಅಕ್ಕಿ ಆರಿಸತೊಡಗಿದಳು.

"ಅವತ್ತ ನಾ ಏನಂದೆ ನಿನಗ?" ಎಂದು ಅಕ್ಕ ಕೇಳಿದಳು.

"ಕೂತು ಉಣ್ಣೋ ಮೈ ಅಂದ್ರಿ."

ಅಕ್ಕ ಅಲ್ಲೇ ನೆಲಕ್ಕೆ ಕೂತಳು. ಆಮೇಲೆ ಹುಡುಗಿಯ ತಾಯಿಗೆ, ಇದನ್ನು ಹೀಗೇ ಬಿಡಬಾರದು, ಹೇಳಬೇಕು ಎಂದಳು. ಆ ತಾಯಿ ಸಿಟ್ಟಾಗಲಿಲ್ಲ. ದಣಿದವಳ ಹಾಗೆ ಅಂದಳು: "ಯಾರ ಮುಂದ ಹೇಳ್ಲಿ ಅಕ್ಕಾ? ಇಷ್ಟು ವರ್ಷ ಏನು ಹೇಳಬೇಕಾದ್ರೂ ನೀ ಅವರ ಮುಂದನ ಕರಕೊಂಡು ಹೋಗೀದಿ. ನಮಗ ಬ್ಯಾರೆ ಬಾಗಲಾ ಗೊತ್ತಿಲ್ಲ."

ಹಳೆಯ ಪಕ್ಷದವರು ಸಾಹೇಬರಿಗೆ ಈ ಸಲ ಟಿಕೆಟ್ ಇಲ್ಲವೆಂದರು. ಅದು ಆ ಹುಡುಗಿಯರ ಸಲುವಾಗಿ ಅಲ್ಲ, ಪೇಪರಿನಲ್ಲಿ ಬಂದದ್ದಕ್ಕೆ. ಸಾಹೇಬರು ಒಂದು ವಾರವೂ ಕಾಯಲಿಲ್ಲ. ಯಾವ ಪಕ್ಷವನ್ನು ಮಾನಗೇಡಿಗಳ ಸಂತೆ ಎಂದು ನಮ್ಮ ಶಾಲೆಯ ಅಂಗಳದಲ್ಲಿ ಮೈಕು ಹಿಡಿದು ಬೈದಿದ್ದರೋ ಅದರ ಶಾಲು ಹೊದ್ದುಕೊಂಡರು. ಅಲ್ಲಿಯವರು ಹಾರ ಹಾಕಿದರು. ಮರುದಿನ ಅಗಸಿಯಲ್ಲಿ ಹಳೆಯ ಬಾವುಟ ಬಿಚ್ಚಿ ಅದೇ ಬಿದಿರುಗಳಿಗೆ ಹೊಸದನ್ನು ಕಟ್ಟಿದರು. ಮನುಷ್ಯನನ್ನು ನೋಡಬೇಡಿ, ಪಕ್ಷ ನೋಡಿ ಎಂದು ವರ್ಷಗಟ್ಟಲೆ ಹೇಳಿದವರು ಈಗ ಪಕ್ಷದಲ್ಲೇನಿದೆ, ಮನುಷ್ಯನನ್ನು ನೋಡಿ ಎನ್ನತೊಡಗಿದರು. ಎಲ್ಲರೂ ಹಾಗೆ ಹೋದರೆಂದು ಹೇಳಲಾರೆ. ಕೆಲವು ಮುದುಕರು ಹಳೆಯ ಗುರುತನ್ನು ಬಿಡಲಿಲ್ಲ. ಹುಡುಗರು ಎರಡನ್ನೂ ಬಿಟ್ಟು ಮೂರನೆಯದರ ಹಿಂದೆ ಹೋದರು. ಒಂದೇ ಹೊಸ್ತಿಲೊಳಗೆ ಅಪ್ಪ ಒಂದು ಕಡೆ, ಮಗ ಒಂದು ಕಡೆ. ಊಟಕ್ಕೆ ಕೂತಲ್ಲಿ ಮಾತು ನಿಂತಿತು.

ಹೆಂಗಸರಿಗೆ ಬೇರೆಯೇ ಚಿಂತೆ ಹತ್ತಿತು. ಪಂಚಮಿಗೆ ತುಂಬಿದ ಉಡಿ ಯಾರದು, ಪಕ್ಷದ್ದೋ ಸಾಹೇಬರದೋ? ನಳದ ಮುಂದೆ ಅದೇ ಮಾತು. ಕೊನೆಗೆ ಒಬ್ಬಳು ನೆನಪಿಸಿದಳು, ಅಕ್ಕ ಪಕ್ಷದ ಹೆಸರು ಹೇಳಿರಲಿಲ್ಲ, ಸಾಹೇಬ್ರ ಉಡಿ ಎಂದೇ ಹೇಳಿದ್ದಳು. ಹಾಗಾದರೆ ಅವರು ಎಲ್ಲಿಗೆ ಹೋದರೋ ಉಡಿಯೂ ಅಲ್ಲಿಗೇ ಎಂದು ತೀರ್ಮಾನವಾಯಿತು. ಈ ಮಾತು ಅಕ್ಕನ ಕಿವಿಗೂ ಬಿತ್ತು.

ಸಾಹೇಬರು ಒಂದು ದಿನ ಅವಳ ಮನೆಗೆ ಬಂದರು. ಹೊಸ ಶಾಲು, ಅದೇ ನಗು. ಅಕ್ಕ ನನ್ನನ್ನು ಚಹಾ ಮಾಡಲು ಕರೆದಿದ್ದಳು. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ಕೂಡಲಿಲ್ಲ. ಗಂಡ ಹೋದದ್ದಕ್ಕೆ ಅವರು ಎರಡು ಒಳ್ಳೆಯ ಮಾತು ಆಡಿದರು. ಆಮೇಲೆ, "ನೀವೇನೂ ಮಾತಾಡಬ್ಯಾಡ್ರಿ ಅಕ್ಕೋರ. ನನ್ನ ಜೋಡಿ ಓಣ್ಯಾಗ ಒಂದು ಸುತ್ತು ಅಡ್ಡಾಡ್ರಿ, ಅಷ್ಟ ಸಾಕು," ಎಂದರು.

ಅಕ್ಕ ಎದುರು ಮನೆಯ ಹುಡುಗಿಯ ಹೆಸರು ಹೇಳಿ, ನೆನಪಿದೆಯೇ ಎಂದು ಕೇಳಿದಳು.

"ಯಾವಾಕಿರಿ?" ಎಂದರು ಸಾಹೇಬರು.

ಅವರು ನಾಟಕ ಮಾಡಲಿಲ್ಲ. ನಾನು ಚಹಾದ ಕಪ್ಪು ಹಿಡಿದು ಹತ್ತಿರವೇ ನಿಂತಿದ್ದೆ, ಅವರ ಮುಖ ಕಾಣುತ್ತಿತ್ತು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಯಾವುದೋ ಕೆಲಸ ಉಳಿದಿರಬೇಕು ಎಂದುಕೊಂಡು, ಚುನಾವಣೆ ಮುಗಿಯಲಿ, ಆ ಹುಡುಗಿಯನ್ನು ಕಳಿಸಿಕೊಡಿ, ಏನಾದರೂ ಮಾಡೋಣ ಎಂದರು. ಅಕ್ಕ ನನ್ನ ಕೈಯಿಂದ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಸಾಹೇಬರು ಚಹಾ ಕುಡಿಯದೆ ಹೋದರು.

ಮರುದಿನ ಮುಂಜಾನೆ ಅವಳು ಬಂದಾಗ ಸೆರಗು ಸೊಂಟದಲ್ಲಿ ಇರಲಿಲ್ಲ. ಬಿಡಿಸಿ ಎರಡೂ ಕೈಯಲ್ಲಿ ಹಿಡಿದಿದ್ದಳು. "ಬಾ ತಂಗಿ, ನನ್ನ ಜೋಡಿ. ಉಡಿ ಹೊಳ್ಳಿ ಇಸಗೊಂಡು ಬರೂಣು." ನನಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಪ್ರತಿ ಮನೆಯವರೂ ತನ್ನ ಸೆರಗಿಗೆ ಒಂದು ಹಿಡಿ ಕಾಳು ಹಾಕಲಿ. ಅಕ್ಕಿಯೇ ಆಗಬೇಕೆಂದಿಲ್ಲ, ಮನೆಯಲ್ಲಿ ಏನಿದ್ದರೂ ಸರಿ. ತುಂಬಿದ ಕೈಗೇ ಅದು ತಿರುಗಿ ಬಂದರೆ ಸಾಹೇಬರ ಋಣ ಮುಗಿಯುತ್ತದೆ. ಆಮೇಲೆ ಮರೆಯ ಹಿಂದೆ ಅವರು ಯಾರಿಗೆ ಬೇಕೋ ಅವರಿಗೆ ಹಾಕಲಿ. ಅವಳ ಲೆಕ್ಕದಲ್ಲಿ ಅದು ಅಷ್ಟು ಸರಳವಿತ್ತು.

ಮೊದಲ ಮನೆಯಲ್ಲಿ ಸೊಸೆ ಬಸುರಿ. ಅವಳು ಕಾಳು ತರಲು ಎದ್ದಳು. ಅತ್ತೆ ನಡುಬಾಗಿಲಿಗೆ ಅಡ್ಡ ಕೈ ಇಟ್ಟಳು. "ತುಂಬಿದ ಉಡಿ ಹೊಳ್ಳಿ ಕೇಳ್ತಾರೇನು? ನನ್ನ ಸೊಸಿ ಎರಡು ಜೀವದಾಕಿ ಅದಾಳ. ಅದೂ ನೀ ಈ ಹಣಿ ಹೊತ್ತುಕೊಂಡು ಬಂದು ಕೇಳಾಕತ್ತಿ." ಅಕ್ಕನ ಕೈ ಬರಿ ಹಣೆಗೆ ಹೋಯಿತು. ತಾನು ಈಗ ಯಾರು ಎಂಬುದು ಅವಳಿಗೆ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ ಎಂದು ನನಗೆ ಅನ್ನಿಸಿತು. ಕುಂಕುಮವಿದ್ದ ಕೈಯಿಂದ ಕೊಟ್ಟದ್ದನ್ನು ಕುಂಕುಮ ಹೋದ ಮೇಲೆ ಕೇಳಲು ಬಂದಿದ್ದಳು. ಆ ಅತ್ತೆಯ ಕಣ್ಣಿಗೆ ಅದು ಸೊಸೆಯ ಗಂಡನನ್ನೇ, ಹೊಟ್ಟೆಯ ಕೂಸನ್ನೇ ಕೇಳಿದ ಹಾಗೆ ಕಂಡಿತ್ತು.

ಎರಡನೆಯ ಮನೆಯಲ್ಲಿ ಒಳಗೆ ಕರೆದರು, ನೀರು ಕೊಟ್ಟರು, ಕಾಳು ಕೊಡಲಿಲ್ಲ. ಆಮೇಲೆ ಸುದ್ದಿ ನಮಗಿಂತ ಮುಂದೆ ಓಡಿತು. ನಾವು ಹೋಗುವಷ್ಟರಲ್ಲಿ ಬಾಗಿಲುಗಳು ಮುಚ್ಚಿದ್ದವು. ಒಳಗೆ ಪಾತ್ರೆಯ ಸದ್ದು, ಮಕ್ಕಳ ಮಾತು ಕೇಳುತ್ತಿತ್ತು. ಅಕ್ಕ ಹೊರಗೆ ನಿಂತು ಕೆಮ್ಮುತ್ತಿದ್ದಳು. ಸದ್ದು ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ನಾನು ಅವಳ ಹಿಂದೆ ನಿಂತಿದ್ದೆ. ಒಂದೆರಡು ಕಡೆ ಬಾಯಿ ತೆರೆದೆ, ದನಿ ಬರಲಿಲ್ಲ. ಬಂದಿದ್ದರೂ ಏನು ಹೇಳಬೇಕಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಹಬೂಬಿ ಮಾತ್ರ ಬಾಗಿಲಲ್ಲೇ ಕಾಯುತ್ತಿದ್ದಳು. "ನಿನ್ನ ಸಕ್ಕರಿ ಚಾದಾಗ ಕುಡದು ಮುಗಿಸೀನಕ್ಕಾ. ಹೊಟ್ಟ್ಯಾಂದ ಹೆಂಗ ತಗದು ಕೊಡ್ಲಿ?" ಎಂದು ತಮಾಷೆ ಮಾಡಿದಳು. ಅಕ್ಕ ನಗಲಿಲ್ಲ. ಮಹಬೂಬಿ ಒಳಗೆ ಹೋಗಿ ತನ್ನ ಡಬ್ಬಿಯಿಂದ ಹಿಡಿ ಸಕ್ಕರೆ ತಂದು ಸೆರಗಿಗೆ ಹಾಕಿದಳು. ಅವಳ ಕಣ್ಣು ಒದ್ದೆಯಾಗಿತ್ತು.

ಕೊನೆಗೆ ಎದುರು ಮನೆ. ಅಲ್ಲಿ ಬಾಗಿಲು ತೆರೆದೇ ಇತ್ತು. ಆ ತಾಯಿ ಕೊಟ್ಟೇ ಕೊಡುತ್ತಾಳೆ ಎಂದು ನನಗೂ ಅನ್ನಿಸಿತ್ತು. ಅವಳು ಹೊರಗೆ ಬಂದು ಅಕ್ಕನ ಎರಡೂ ಕೈ ಹಿಡಿದಳು. "ನನ್ನ ದೊಡ್ಡ ಮಗಳು ಬಾಣಂತಿ ಅದಾಳ ಅಕ್ಕಾ. ಕೂಸಿಗಿನ್ನಾ ತಿಂಗಳಾಗಿಲ್ಲ. ಆ ಉಡಿ ನೀ ಆಕಿಗೂ ತುಂಬಿದ್ದಿ. ನಾ ಹ್ಯಾಂಗ ಕೊಡ್ಲಿ?" ಸಣ್ಣ ಮಗಳು, ಅದೇ ಹುಡುಗಿ, ಒಳಗೆ ಕೂಸನ್ನು ತೂಗುತ್ತಿದ್ದಳು.

ಓಟಿನ ದಿನ ನಮ್ಮ ಓಣಿಯ ಹೆಂಗಸರು ಯಾವತ್ತಿಗಿಂತ ಬೇಗ ಸಾಲಿನಲ್ಲಿ ನಿಂತರು. ಅಕ್ಕ ಆ ದಿನ ಮನೆಮನೆಗೆ ಹೋಗಿರದಿದ್ದರೆ ಕೆಲವರಾದರೂ ಉಡಿಯನ್ನು ಮರೆಯುತ್ತಿದ್ದರೋ ಏನೋ. ಕೇಳಿದ್ದರಿಂದ ಎಲ್ಲರಿಗೂ ನೆನಪಾಯಿತು, ಹೆದರಿಕೆಯೂ ಗಟ್ಟಿಯಾಯಿತು. ಸಾಹೇಬರು ಗೆದ್ದರು. ನಮ್ಮ ಊರಿನಲ್ಲಿ ಅವರಿಗೆ ಹಿಂದೆಂದೂ ಇಲ್ಲದಷ್ಟು ಬಿದ್ದಿವೆ ಎಂದು ಅಗಸಿಯಲ್ಲಿ ಗುಲಾಲು ಹಾರಿಸಿದರು. ಬಿಡಿಸಲು ಹೋದವಳೇ ಗಂಟು ಬಿಗಿದು ಬಂದಿದ್ದಳು. ನಾನು ಯಾರಿಗೆ ಹಾಕಿದೆನೆಂಬುದನ್ನು ನಿಮಗೂ ಹೇಳುವುದಿಲ್ಲ. ಮರೆಯ ಹಿಂದೆ ನಿಂತು ಉಸಿರು ತೆಗೆದುಕೊಂಡೆ, ಆಮೇಲೆ ಒತ್ತಿದೆ.

ಗುಲಾಲು ಹಾರಿದ ಸಂಜೆ ಅವಳು ನಮ್ಮ ಅಡಿಗೆಮನೆಗೆ ಬಂದಳು. ಹೊರಗೆ ಪಟಾಕಿ. ಬಸಿಯಲ್ಲಿ ಚಹಾ ಆರಿ ಕೆನೆಗಟ್ಟಿತು, ಅವಳು ಮುಟ್ಟಲಿಲ್ಲ. ಆ ಹುಡುಗಿಗೆ ಎಲ್ಲೋ ದೂರದ ಸಂಬಂಧ ನೋಡಿದ್ದಾರಂತೆ, ಅವಸರದಲ್ಲಿ ಕೊಡುತ್ತಿದ್ದಾರಂತೆ ಎಂದಳು. ನಾನು ಎದ್ದು ಜೋಳದ ಡಬ್ಬಿಯಿಂದ ಒಂದು ಹಿಡಿ ತೆಗೆದು ಅವಳ ಸೆರಗಿನ ಮುಂದೆ ಹಿಡಿದೆ.

ಅವಳು ಆ ಕೈಯನ್ನೇ ನೋಡಿದಳು. "ನಿನಗ ನಾ ತುಂಬೇ ಇಲ್ಲಲ್ಲ, ತಂಗಿ. ನೀ ಏನು ಹೊಳ್ಳಿ ಕೊಡ್ತಿ?"

"ಬಸ್ಸು," ಎಂದೆ. ಅದೊಂದೇ ಶಬ್ದ ಬಂತು.

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಜೋಳದ ಮೇಲೆ ಮಡಚಿದಳು. "ಅದೇ ಬಸ್ಸಿನ್ಯಾಗ ಆ ಹುಡುಗಿನೂ ಕಳಿಸೀನಿ. ಈಗ ಬ್ಯಾಡ. ನಿನ್ನ ಕಡೀನ ಇರಲಿ. ನನಗ ತಗೋಬೇಕು ಅನಿಸಿದ ದಿನ ಕೇಳ್ತೇನಿ."

ಆ ಜೋಳವನ್ನು ಹಳೆಯ ಖಣದ ಬಟ್ಟೆಯಲ್ಲಿ ಕಟ್ಟಿ ಬೇರೆ ಇಟ್ಟೆ. ನುಸಿ ಹತ್ತದಿರಲೆಂದು ಬೇವಿನ ಎಲೆ ಹಾಕಿ, ಎಲೆ ಒಣಗಿದಾಗ ಬದಲಿಸುತ್ತಿದ್ದೆ. ಅವಳು ಮತ್ತೂ ನಮ್ಮ ಮನೆಗೆ ಬರುತ್ತಿದ್ದಳು, ಆದರೆ ಹೊಸ್ತಿಲಲ್ಲಿ ಕೆಮ್ಮುತ್ತಿರಲಿಲ್ಲ. ಅಡಿಗೆಮನೆಯಲ್ಲಿ ತಿರುಗಿ ನೋಡಿದರೆ ಹಿಂದೆ ನಿಂತಿರುತ್ತಿದ್ದಳು. ಅಗಸಿಯ ದಾರಿ ಬಿಟ್ಟು ಹಿತ್ತಿಲ ದಾರಿಯಲ್ಲಿ ಓಡಾಡುತ್ತಿದ್ದಳು. ಜನ ಅವಳಿಗೆ ಕೆಟ್ಟದ್ದೇನೂ ಮಾಡಲಿಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಕಾಯಿಲೆಯಾದಾಗ ನೋಡಿ ಬರುತ್ತಿದ್ದರು. ಆದರೆ ಬಸುರಿಯರನ್ನು ಅವಳ ಎದುರಿಗೆ ಬಿಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ತಾನೇ ದೂರ ಸರಿದು ನಿಲ್ಲುತ್ತಿದ್ದಳು. ಜೋಳದ ಮಾತನ್ನು ಅವಳು ತೆಗೆಯಲಿಲ್ಲ. ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತು, ತರಲೇ ಎಂದು ನಾನೇ ಕೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿದಳು.

ಬಸು, ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಅವಳು ಕೇಳಲಿಲ್ಲ. ಇನ್ನು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ನಾನೇ ಒಯ್ದು ಹಾಕಿದೆ. ಮಡಚಿದ ಕಾಲುಗಳ ನಡುವೆ ಜೋಳ ಬಿದ್ದಾಗ ಬೇಡ ಎನ್ನಲು ಅವಳ ಕೈ ಏಳುವಂತಿರಲಿಲ್ಲ. ಹಾಕಿದ್ದು ಸರಿಯೋ ತಪ್ಪೋ ತಿಳಿಯದು. ಆ ಹುಡುಗಿಗೆ ಅದರಿಂದ ಏನೂ ಆಗಲಿಲ್ಲ ಎಂಬುದು ಮಾತ್ರ ಗೊತ್ತು.

ಸಹನಾ, ಮುಂದಿನ ಚುನಾವಣೆಗೆ ನಿನಗೂ ಓಟು ಬರುತ್ತದೆ. ಯಾರಾದರೂ ತಟ್ಟೆ ಹಿಡಿದು ಬಂದೇ ಬರುತ್ತಾರೆ. ಈಗ ಮೂರು ಪಕ್ಷದವರೂ ಉಡಿ ತುಂಬುತ್ತಾರೆ. ಅಕ್ಕನಷ್ಟು ನಿಧಾನವಾಗಿ ಅಲ್ಲ, ಚೀಲದಲ್ಲಿ ಹಾಕಿ ಕೊಟ್ಟು ಹೋಗುತ್ತಾರೆ. ತಗೊ ಎಂದಾಗಲಿ ಬೇಡ ಎಂದಾಗಲಿ ಹೇಳುವ ಧೈರ್ಯ ನನಗಿಲ್ಲ. ನಿನಗೆ ಕೆಟ್ಟದ್ದೇನೂ ಆಗದಿರಲಿ ಎನ್ನುವ ಹೆದರಿಕೆ ನನಗೂ ಇದೆ.

ಜೋಳ ಕಟ್ಟಿದ್ದ ಖಣದ ಬಟ್ಟೆ ಈಗ ಖಾಲಿ. ಬೇವಿನ ವಾಸನೆ ಇನ್ನೂ ಹೋಗಿಲ್ಲ. ಈ ಹಾಳೆಗಳನ್ನು ಅದರಲ್ಲೇ ಸುತ್ತಿ ಜೋಳದ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಓದಿದ ಮೇಲೆ ಹಾಗೆಯೇ ಕಟ್ಟಿಡಿ. ವರ್ಷಕ್ಕೊಮ್ಮೆ ನೆನಪಾದರೆ ಬೇವಿನ ಎಲೆ ಬದಲಿಸಿ. ಯಾರಿಗೂ ಕೊಡಬೇಡಿ, ಕಳೆಯಲೂ ಬೇಡಿ.